ಹಗಲು ಮಾತ್ರ ಇಳಿಯುವ ನೀರು

ನನ್ನನ್ನು ನೋಡಲು ಬಂದ ದಿನ ನಮ್ಮ ಯಜಮಾನರು ನನ್ನ ಮುಖಕ್ಕಿಂತ ನಮ್ಮನೆ ಫ್ರಿಜ್ಜಿನ ಹಿಂಭಾಗವನ್ನು ಹೆಚ್ಚು ಹೊತ್ತು ನೋಡಿದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ಎದ್ದು ಹೋಗಿ, ಬಗ್ಗಿ, "ಇದ್ಯಾಕೆ ಇಂಗೆ ಗುರ್ ಅಂತೈತೆ?" ಅಂದರು. ನಮ್ಮಪ್ಪನಿಗೆ ಸಿಟ್ಟು ಬಂತು. ನನಗೆ ನಗು ಬಂತು. ಆ ಒಂದು ನಗುವಿನ ಫಲವನ್ನು ಇವತ್ತಿಗೂ ಅನುಭವಿಸುತ್ತಿದ್ದೇನೆ.

ಅವರ ಹೆಸರು ನಾಗೇಶ್. ಕ್ಯಾಸಂಬಳ್ಳಿ ಕಡೆಯ ರಾಗಿ ಬೆಳೆಯುವ ಮನೆಯವರು. ಐಟಿಐ ಮುಗಿಸಿ ಬಂಗಾರಪೇಟೆ ಸ್ಟೇಷನ್ ಹತ್ತಿರ ಮೋಟಾರು, ನೀರಿನ ಫಿಲ್ಟರು ರಿಪೇರಿ ಅಂಗಡಿ ಇಟ್ಟರು. ಫೋನು ಎತ್ತುವುದು, ಗಿರಾಕಿಗಳಿಂದ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಬೈಗುಳ ಯಾಕೆಂದರೆ, ಮೋಟಾರು ಓಡಿದ ಮೇಲೂ ಈಯಪ್ಪ ವಾಪಸು ಕೊಡುವುದಿಲ್ಲ. ಕೆಟ್ಟಿದ್ದು ಯಾಕೆ ಅಂತ ತಿಳಿಯಬೇಕು. ಅದು ತಿಳಿದರೆ, ಆ 'ಯಾಕೆ'ಗೆ ಇನ್ನೊಂದು 'ಯಾಕೆ' ಹುಟ್ಟುತ್ತದೆ. ಅಷ್ಟರಲ್ಲಿ ಗಿರಾಕಿ ಬಾಗಿಲಲ್ಲಿ ನಿಂತು ನನ್ನ ಜನ್ಮ ಜಾಲಾಡುತ್ತಿರುತ್ತಾನೆ. ಈಚೆಗೆ ನಮ್ಮ ಸುತ್ತಮುತ್ತ ತೋಟದ ಮನೆಗಳಲ್ಲಿ ಈಜುಕೊಳ ಕಟ್ಟಿಸುವ ಹುಚ್ಚು ಶುರುವಾಯಿತಲ್ಲ, ಇವರು ಆ ಕೆಲಸವನ್ನೂ ಕಲಿತುಬಿಟ್ಟರು. ನನ್ನ ಕರ್ಮ.

ಅಂಬಿಕಾ ಟೀಚರ್ ಫೋನು ಮಾಡಿದ್ದು ಮಾರ್ಚ್ ತಿಂಗಳ ಒಂದು ಸೋಮವಾರ. ಅವರು ದಾವಣಗೆರೆ ಕಡೆಯವರು, ಕೆಜಿಎಫ್‌ನ ಶಾಲೆಯೊಂದರಲ್ಲಿ ಪಿಟಿ ಟೀಚರ್. ಗಂಡ ಅನಿಲ್ ಫ್ಯಾಕ್ಟರಿಯಲ್ಲಿದ್ದಾರೆ. ಎರಡು ವರ್ಷದ ಕೆಳಗೆ ಅವರ ಕ್ಲಾಸಿನ ಹುಡುಗಿಯೊಬ್ಬಳು ಕೃಷಿ ಹೊಂಡಕ್ಕೆ ಬಿದ್ದು ತೀರಿಹೋದಳು. ನಮ್ಮ ಕಡೆ ಹೊಲಹೊಲದಲ್ಲೂ ಈ ಹೊಂಡಗಳಿವೆ. ಗುಂಡಿ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಬೋರ್‌ವೆಲ್ ನೀರು ತುಂಬಿಸುತ್ತಾರೆ. ಬಿದ್ದವರು ಹತ್ತೋಣ ಎಂದರೆ ಹಾಳೆ ಜಾರುತ್ತದೆ, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಆ ಹುಡುಗಿಯ ಮಣ್ಣಿಗೆ ಹೋಗಿ ಬಂದ ಅಂಬಿಕಾ, ಕ್ಯಾಸಂಬಳ್ಳಿ ರಸ್ತೆಯಲ್ಲಿ ತಾವು ಕಟ್ಟಿಸುತ್ತಿದ್ದ ಮನೆಯ ಹಿತ್ತಲಲ್ಲಿ ಹಠ ಹಿಡಿದು ಒಂದು ಸಣ್ಣ ಈಜುಕೊಳ ತೋಡಿಸಿದರು. ಪ್ರತಿ ಭಾನುವಾರ ಸುತ್ತಲಿನ ರೈತರ ಮನೆ ಹುಡುಗಿಯರಿಗೆ ಈಜು ಕಲಿಸುತ್ತಿದ್ದರು.

"ರಾಧಾ, ನೀರು ಹಸಿರಾಗಿದೆ. ಒಂದು ಮಗುವಿಗೆ ಕಿವಿ ಸೋರುತ್ತಿದೆ," ಅಂದರು ಫೋನಿನಲ್ಲಿ. "ಬರೋ ಭಾನುವಾರವೂ ನೀರು ಹೀಗೇ ಇದ್ರೆ ಕಳಿಸಲ್ಲ ಅಂತ ತಾಯಂದಿರೆಲ್ಲ ಬಂದು ಹೇಳಿ ಹೋದ್ರು. ಒಂದು ಸಲ ಬಿಡಿಸಿದ್ರೆ ಮತ್ತೆ ಕಳಿಸೋದಿಲ್ಲ ಅವರು. ನನಗೆ ಗೊತ್ತು." ಅಳುತ್ತಿದ್ದರು. ನಾನು ಅಂಗಡಿ ಶಟರ್ ಎಳೆದು ಇವರನ್ನು ಬೈಕಿಗೆ ಹತ್ತಿಸಿದೆ.

ಆ ಕೊಳಕ್ಕಿದ್ದದ್ದು ಉಪ್ಪಿನ ಯಂತ್ರ. ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಯಂತ್ರದೊಳಗಿನ ತಗಡುಗಳಿಗೆ ಕರೆಂಟು ಹರಿದು ಆ ಉಪ್ಪಿನಿಂದಲೇ ಕ್ಲೋರಿನ್ ತಯಾರಾಗುತ್ತದೆ, ನೀರು ಶುದ್ಧವಾಗಿರುತ್ತದೆ. ಉಪ್ಪು ಕಮ್ಮಿಯಾದರೆ ಕೆಂಪು ದೀಪ ಹತ್ತಿ ಯಂತ್ರ ನಿಂತುಬಿಡುತ್ತದೆ. ಆವತ್ತು ಕೆಂಪು ದೀಪ ಉರಿಯುತ್ತಿತ್ತು.

ಇವರು ತಗಡು ಬಿಚ್ಚಿದರು. ನಮ್ಮ ಬೋರ್‌ವೆಲ್ ನೀರಿನ ಗಡಸು ನಿಮಗೆ ಗೊತ್ತೇ ಇದೆ, ಸುಣ್ಣ ಬಳಿದ ಹಾಗೆ ಬಿಳಿ ಕಟ್ಟಿತ್ತು. ನೀರು ಬೆರೆಸಿದ ಆಸಿಡ್‌ನಲ್ಲಿ ತೊಳೆದು ಮತ್ತೆ ಜೋಡಿಸಿದರು. ದೀಪ ಕೆಂಪಾಗಿಯೇ ಉಳಿಯಿತು. ಆಮೇಲೆ ಅಂಗೈಯಲ್ಲಿ ಆ ಹಸಿರು ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡರು.

"ಥೂ! ಮಕ್ಕಳ ಕಿವಿ ಸೋರ್ತಾ ಐತೆ ಅಂತವ್ರೆ, ನೀವು ನೆಕ್ತಾ ಇದ್ದೀರಲ್ಲ, ನಾಚ್ಕೆ ಆಗಲ್ವಾ?" ಅಂದೆ.

"ಉಪ್ಪೇ ಇಲ್ಲ ಕಣೆ," ಅಂದರು. ಆಮೇಲೆ ಉಪ್ಪು ಅಳೆಯುವ ಕಾಗದದ ಪಟ್ಟಿ ಅದ್ದಿ ನೋಡಿದರು, ಅದೂ ಅದನ್ನೇ ಹೇಳಿತು. ಅಂಬಿಕಾಗೆ ಆಶ್ಚರ್ಯ. ಹೋದ ವಾರ ತಾನೇ ಒಂದು ಮೂಟೆ ಸುರಿದಿದ್ದರಂತೆ, ಅದಕ್ಕೂ ಮುಂಚೆ ಇನ್ನೊಂದು. ನಮ್ಮವರ ಕಣ್ಣು ಅರಳಿತು. "ನೀರು ಆವಿಯಾಗಿ ಓಗ್ತದೆ. ಉಪ್ಪು ಓಗಲ್ಲ. ಮತ್ತೆ ಮೂಟೆ ಮೂಟೆ ಉಪ್ಪು ಎಲ್ಲೋಯ್ತು ಟೀಚರ್?"

ಕೊಳ ಸೋರುತ್ತಿರಬೇಕು ಅಂದೆ ನಾನು. ಅದೂ ಸರಿಯೇ. ಮನೆಯ ಟ್ಯಾಂಕಿನಲ್ಲಿರುವಂಥ ತೇಲುವ ಚೆಂಡಿನ ನಲ್ಲಿಯೊಂದು ಅಲ್ಲಿತ್ತು. ಮಟ್ಟ ಇಳಿದರೆ ಅದು ತಾನೇ ಸಪ್ಪೆ ನೀರು ತುಂಬಿಸುತ್ತದೆ. ಹೀಗಾಗಿ ಸೋರಿದರೂ ಯಾರಿಗೂ ತಿಳಿಯುವುದಿಲ್ಲ. ಇವರು ಆ ನಲ್ಲಿಯನ್ನು ಕಟ್ಟಿ ನಿಲ್ಲಿಸಿದರು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಟೇಪು ಅಂಟಿಸಿದರು. ಪಕ್ಕದ ಮೆಟ್ಟಿಲ ಮೇಲೆ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿದರು. ಬಿಸಿಲಿಗೆ ಆವಿಯಾಗುವುದು ಎರಡರಲ್ಲೂ ಒಂದೇ, ಕೊಳದಲ್ಲಿ ಜಾಸ್ತಿ ಇಳಿದರೆ ಅದು ಸೋರಿಕೆ ಎಂಬ ಲೆಕ್ಕ.

ಬೆಳಿಗ್ಗೆ ಹೋಗಿ ನೋಡಿದರೆ ಒಂದು ಕೂದಲೆಳೆಯೂ ಇಳಿದಿಲ್ಲ. ಸಂಜೆ ನೋಡಿದರೆ ಬಕೆಟ್ಟಿನಲ್ಲಿ ಇಳಿದದ್ದು ಇಷ್ಟೇ ಇಷ್ಟು, ಕೊಳದಲ್ಲಿ ಒಂದು ಬೆರಳಗಲಕ್ಕೂ ಮೇಲೆ. ಮಾರನೆಯ ದಿನವೂ ಅದೇ ಕಥೆ.

"ರಾತ್ರಿ ರಜಾ ತಕೊಂಡು ಹಗಲು ಮಾತ್ರ ಸೋರೋ ತೂತು! ಇಂಥದ್ದು ನನ್ ಸರ್ವೀಸ್‌ನಲ್ಲೇ ನೋಡಿಲ್ಲ," ಎಂದು ಇವರು ಹಬ್ಬದ ಸಂಭ್ರಮದಲ್ಲಿದ್ದರು. ಅತ್ತ ಅಂಬಿಕಾ ಮುಖ ಸಣ್ಣಗಾಗಿತ್ತು. ಭಾನುವಾರ ಹತ್ತಿರ ಬರುತ್ತಿತ್ತು. ನನಗೆ ಇವರ ತಲೆಗೆ ಒಂದು ಕೊಡೋಣ ಅನ್ನಿಸಿತು.

ಹಗಲು ಅಂಬಿಕಾ ಶಾಲೆಯಲ್ಲಿ, ಅನಿಲ್ ಫ್ಯಾಕ್ಟರಿಯಲ್ಲಿ. ಹಾಗಾಗಿ ಗುರುವಾರ ನಾವಿಬ್ಬರು ಹಿತ್ತಲ ಪಂಪ್ ರೂಮಿನಲ್ಲಿ ಬಾಗಿಲು ಓರೆ ಮಾಡಿಕೊಂಡು ಕೂತೆವು. ಸೆಕೆ, ಸೊಳ್ಳೆ. ಅಂಗಡಿ ಮುಚ್ಚಿ ತೂತು ಕಾಯುವ ಗಂಡ ಯಾವ ಊರಲ್ಲಾದರೂ ಇದ್ದಾನೆಯೇ ಹೇಳಿ.

ಹಿಂದಿನ ಗೇಟು ಕಿರ್ರೆಂದಿತು. ಪಕ್ಕದ ಮನೆಯ ಮುನಿಗಂಗಮ್ಮ ಬಂದರು. ಡೇರಿಗೆ ಹಾಲು ಹಾಕುವವರು, ಆರು ಹಸು ಕಟ್ಟಿದ್ದಾರೆ. ಹಿತ್ತಲಲ್ಲಿ ಹುಲ್ಲು ಕೊಯ್ದುಕೊಳ್ಳಿ ಅಂತ ಅಂಬಿಕಾನೇ ಅವರಿಗೆ ಹೇಳಿದ್ದರು. ಅವರ ಮೊಮ್ಮಗಳು ನವ್ಯಳನ್ನು ಈಜಿಗೆ ಕಳಿಸಿ ಎಂದು ಬೇಡಿಕೊಂಡೂ ಇದ್ದರು. "ನಮ್ಮುಡುಗಿ ನೀರಿನ ತಂಟೆಗೇ ಬರಾದ್ ಬ್ಯಾಡ" ಎಂದು ಈಯಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಈಗ ನೋಡಿದರೆ ಕೈಯಲ್ಲಿ ಕುಡುಗೋಲಿಲ್ಲ, ಎರಡು ಬಿಂದಿಗೆ! ಒಂದು ಕೈಯಲ್ಲಿ ಕೊಳದ ಸ್ಟೀಲ್ ಕಂಬಿಯನ್ನು ಬಿಗಿಯಾಗಿ ಹಿಡಿದು, ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿಂದಿಗೆ ಮುಳುಗಿಸಿದರು. ಹೋದರು. ಬಂದರು. ಮತ್ತೆ ಹೋದರು. ಹತ್ತಾರು ಸಲ.

ನನಗೆ ತಡೆಯಲಾಗಲಿಲ್ಲ. "ಏನ್ರೀ ಮುನಿಗಂಗಮ್ಮೋರೇ!" ಎಂದು ಹೊರಗೆ ನುಗ್ಗಿದೆ. ಬಿಂದಿಗೆ ಕೈತಪ್ಪಿ ಉರುಳಿತು.

"ಅಯ್ಯೋ, ಎದೆ ಒಡ್ಕೊಂಡೋಯ್ತಲ್ಲಮ್ಮ! ಅಸಗೋಳಿಗೆ ಕಣಮ್ಮ. ಉಪ್ಪುನೀರು ಅಂದ್ರೆ ಆಸೆಯಾಗಿ ಕುಡೀತವೆ, ಕಲಗಚ್ಚಿಗೂ ಒಳ್ಳೇದು. ನಲ್ಲಿ ತಾನೇ ತುಂಬುಸ್ಕೊಂತದೆ, ಯಾರಿಗೇನ್ ಲುಕ್ಸಾನು?"

ನಮ್ಮವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಒಯ್ಯುವುದು ಉಪ್ಪುನೀರು, ತುಂಬುವುದು ಸಪ್ಪೆ ನೀರು. ಬಿಂದಿಗೆ ಬಿಂದಿಗೆಗೂ ಉಪ್ಪು ತೆಳುವಾಗಿ ಯಂತ್ರ ನಿಂತಿದೆ, ನೀರು ಕೆಟ್ಟಿದೆ, ಮಗುವಿಗೆ ಕಿವಿ ನೋವಾಗಿದೆ. ಮುನಿಗಂಗಮ್ಮ ಉರುಳಿದ ಬಿಂದಿಗೆಯನ್ನು ಎತ್ತಿಕೊಂಡರು. "ನನ್ನಿಂದ್ಲಾ?" ಅಂದರು.

ಶಾಲೆ ಬಿಟ್ಟು ಬಂದ ಅಂಬಿಕಾಗೆ ವಿಷಯ ತಿಳಿದು ಕೆಂಡದಂಥ ಸಿಟ್ಟು ಬಂತು. "ಒಂದು ಮಾತು ಕೇಳಿದ್ರೆ ಟ್ಯಾಂಕಿನಿಂದ ಪೈಪ್ ಹಾಕಿಸಿ ಕೊಡ್ತಿದ್ದೆ. ಇಷ್ಟು ದಿನ ಯಂತ್ರ ಸರಿಯಿಲ್ಲ, ನಾನು ಸರಿಯಿಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ!" ಮುನಿಗಂಗಮ್ಮ ಸೆರಗು ಹೊದ್ದು ತಲೆ ತಗ್ಗಿಸಿ, ತಪ್ಪಾಯ್ತು ಟೀಚರಮ್ಮ ಅಂದರು. ಅಲ್ಲಿಗೆ ಮುಗಿಯಿತು. ನಮ್ಮವರು ಲೆಕ್ಕ ಹಾಕಿ ಉಪ್ಪು ಸುರಿದರು, ಒಂದಷ್ಟು ಬ್ಲೀಚಿಂಗ್ ಪುಡಿಯನ್ನೂ ಕದಡಿದರು. ದೀಪ ಹಸಿರಾಯಿತು. ನಾನು ಸಾಮಾನು ಚೀಲಕ್ಕೆ ತುಂಬಿ ಎದ್ದೆ. ಇವರು ಮಾತ್ರ ಕೊಟ್ಟಿಗೆ ಕಡೆ ನೋಡುತ್ತಾ ನಿಂತಿದ್ದಾರೆ.

"ಅಮ್ಮ, ಮಧ್ಯಾಹ್ನ ನಿಮ್ಮ ಕೊಟ್ಟಿಗೇಗ್ ಬಂದಿದ್ದೆ," ಅಂದರು. "ನೀವು ಕಲಗಚ್ಚಿಗೆ ಒಂದು ಇಡಿ ಉಪ್ಪು ಆಕಿದ್ರಿ. ಉಪ್ಪಿಗೋಸ್ಕರ ಇಲ್ಲಿಂದ ನೀರು ಒತ್ಕೊಂಡೋಗೋರು ಮತ್ತೆ ಉಪ್ಪು ಯಾಕ್ ಆಕ್ತೀರಾ? ಕೊಟ್ಟಿಗೆ ಇಂದ್ಗಡೇನೇ ನಿಮ್ಮ ಕೃಷಿ ಒಂಡ ತುಂಬಿ ನಿಂತೈತೆ. ಅದು ಬಿಟ್ಟು ಈ ದೂರ ಯಾಕೆ?"

ನಾನು ಅವರ ತೋಳು ಜಿಗುಟಿದೆ. ಮುಗಿದ ಜಗಳವನ್ನು ಹೀಗೆ ಕೆದಕುವವರು ಇವರೊಬ್ಬರೇ.

ಮುನಿಗಂಗಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಸಂಕ್ರಾಂತಿ ಆದ್ಮೇಲೆ ಒಂದಿನ ಒಂಡದಾಗೆ ಬಿಂದಿಗೆ ಅದ್ತಾ ಜಾರ್ಬುಟ್ಟೆ. ಎದೆಮಟ್ಟ, ಕುತ್ತಿಗೆಮಟ್ಟ. ಎಂಗ್ ಒದ್ದಾಡಿದ್ರೂ ಆ ಪ್ಲಾಸ್ಟಿಕ್ ಆಳೆ ಮ್ಯಾಲಕ್ಕೆ ಬಿಡ್ಲಿಲ್ಲ. ನಮ್ ನವ್ಯ ಅಲ್ಲೇ ಇದ್ಲು. ಪೈಪು ಎಸ್ದು ಎಳೆದ್ಲು. ಎಳೀತಾ ಎಳೀತಾ ಅವ್ಳ ಕಾಲೂ ಜಾರಿ ಮೊಣಕಾಲ್ಗಂಟ ಒಳಕ್ಕೆ ಬಂದ್ಬುಡ್ತು. ನಾನು ಎಂಗೆ ಮ್ಯಾಲೆ ಬಂದ್ನೋ ದ್ಯಾವ್ರೇ ಬಲ್ಲ. ಮನೇಲಿ ಏಳ್ಬ್ಯಾಡ ಅಂತ ಆಣೆ ಆಕುಸ್ಕೊಂಡಿವ್ನಿ. ಆವತ್ತಿಂದ ಆ ಒಂಡದ ಅತ್ರಕ್ಕೇ ಓಗಿಲ್ಲ. ಇಲ್ಲಾದ್ರೆ ಮೆಟ್ಲೈತೆ, ಇಡ್ಕೊಳ್ಳೋಕೆ ಕಂಬಿ ಐತೆ."

ಅಂಬಿಕಾ ಮುಖದಲ್ಲಿ ಸಿಟ್ಟಿನ ಚೂರೂ ಉಳಿಯಲಿಲ್ಲ. ಪಕ್ಕದಲ್ಲಿ ಹೋಗಿ ಕೂತು ಆ ಹೆಂಗಸಿನ ಕೈ ಹಿಡಿದುಕೊಂಡರು. ನವ್ಯಳನ್ನು ಕಳಿಸಿ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ಅಮ್ಮ, ಭಾನುವಾರ ನೀವು ಬರ್ತೀರಾ? ನಿಮಗೆ ಕಲಿಸ್ತೀನಿ."

"ನಾನಾ? ಈ ವಯಸ್ಸಲ್ಲಾ? ಜನ ನಗಾಕಿಲ್ವಾ?"

"ನಗಲಿ ಬಿಡಿ. ಮೊದಲು ನಾನೇ ನಗ್ತೀನಿ," ಅಂದೆ ನಾನು, ಕಣ್ಣು ಒರೆಸಿಕೊಳ್ಳುತ್ತಾ.

ಶುಕ್ರವಾರ ನಾವು ಹೋಗಿ ಅವರ ಹೊಂಡದ ನಾಲ್ಕೂ ಬದಿಗೆ ಹಳೆ ಟೈರುಗಳನ್ನು ಹಗ್ಗಕ್ಕೆ ಪೋಣಿಸಿ ಏಣಿಯ ಹಾಗೆ ಇಳಿಬಿಟ್ಟೆವು. ಅನಿಲ್ ಟ್ಯಾಂಕಿನಿಂದ ಕೊಟ್ಟಿಗೆಗೆ ಪೈಪು ಎಳೆಸಿದರು.

ಭಾನುವಾರ ತಾಯಂದಿರೆಲ್ಲ ಮಕ್ಕಳ ಕೈ ಬಿಡದೆ ಕೊಳದ ಸುತ್ತ ನಿಂತಿದ್ದರು. ತಳದ ಟೈಲು ಎಣಿಸುವಷ್ಟು ನೀರು ತಿಳಿಯಾಗಿತ್ತು. ಆದರೂ ಯಾರೊಬ್ಬರೂ ಮಗುವನ್ನು ಮುಂದೆ ಬಿಡಲಿಲ್ಲ. ಅಷ್ಟರಲ್ಲಿ ಮುನಿಗಂಗಮ್ಮ ನೈಟಿಯ ಮೇಲೆ ಟವೆಲು ಹೊದ್ದು ಬಂದರು. ಯಾರೋ ಕಿಸಕ್ಕೆಂದರು. ಅವರು ತಿರುಗಿಯೂ ನೋಡದೆ, ಟವೆಲು ನನ್ನ ಕೈಗೆ ಕೊಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಎದೆಮಟ್ಟ ನೀರು ಬಂದಾಗ ಕಣ್ಣು ಮುಚ್ಚಿಕೊಂಡರು. ಅಂಬಿಕಾ ಬೆನ್ನಿಗೆ ಕೈ ಕೊಟ್ಟು, "ನೆಲ ಸಿಕ್ತಾ?" ಅಂದರು.

"ಸಿಕ್ತು."

ಕಣ್ಣು ಬಿಟ್ಟು, ಬೇಲಿಯ ಹತ್ತಿರ ಹೆದರಿ ನಿಂತಿದ್ದ ನವ್ಯಳನ್ನು ಹುಡುಕಿದರು. ಕಂಬಿಯನ್ನು ಬಿಟ್ಟು ಎರಡೂ ಕೈ ಚಾಚಿದರು.

"ಬಾರಮ್ಮ. ಈ ಸಲ ನಾನು ಇಡ್ಕೊಂತೀನಿ."