ಇರೋರು, ಹೋದೋರು

ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿದೆ. ಹೊಸತರ ಪ್ಲಾಸ್ಟಿಕ್ ವಾಸನೆ ಇನ್ನೂ ಹೋಗಿಲ್ಲ. ಮೊನ್ನೆ ಯಾರೋ ತೀರಿಕೊಂಡವರ ಪಾಸ್‌ಪೋರ್ಟ್ ಫೋಟೋ ತೆರೆದು, ಅಭ್ಯಾಸಬಲದಿಂದ ಎಫ್ ಸಿಕ್ಸ್ ಕೀಲಿ ಒತ್ತಿದೆ. ಏನೂ ಆಗಲಿಲ್ಲ. ಅದಕ್ಕೆ ಕಿವಿ ಮಂದವೇನೋ ಎಂಬಂತೆ ಇನ್ನೊಮ್ಮೆ ಜೋರಾಗಿ ಒತ್ತಿದೆ. ಆಮೇಲೆ ನೆನಪಾಯಿತು: ಹಳೆಯ ಕಂಪ್ಯೂಟರಿನಲ್ಲಿ ಆ ಕೀಲಿಗೆ ಕೆಲಸ ಕಲಿಸಿದ್ದವಳು ನಮ್ಮಕ್ಕ. ಅವಳು ಹೋಗಿ ಹತ್ತಿರ ಹತ್ತಿರ ಒಂದು ವರ್ಷವಾಯಿತು.

ನೀವು ಸ್ಟುಡಿಯೋ ಇಟ್ಟವರಲ್ಲದಿದ್ದರೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಆಕ್ಷನ್ ಅಂತ ಒಂದು ಅನುಕೂಲ ಉಂಟು. ಮುಖ ತಿಳಿ ಮಾಡುವುದು, ಹಿನ್ನೆಲೆ ಬದಲಿಸುವುದು, ಅಂಚು ಕತ್ತರಿಸುವುದು, ಇವನ್ನು ಒಂದು ಸಲ ಮಾಡಿ ತೋರಿಸಿದರೆ ಅದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಒಂದು ಕೀಲಿ ಒತ್ತಿದರೆ ಸಾಕು, ತಾನೇ ಎಲ್ಲ ಮುಗಿಸುತ್ತದೆ. ಇಂಥವು ಸಿದ್ಧವಾಗಿಯೂ ಸಿಗುತ್ತವೆ. ಜೊತೆಗೆ ಬ್ರಷ್ಷು, ಹೂಮಾಲೆ, ಮೋಡ, ದೀಪ, ಬಗೆಬಗೆಯ ಅಕ್ಷರ. ನಾವು ಸ್ಟುಡಿಯೋದವರು ಇವನ್ನು ಪೆನ್‌ಡ್ರೈವಿನಲ್ಲಿ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತೇವೆ. ಹೊನ್ನಾಳಿಯವರು ಕೊಟ್ಟದ್ದು, ನ್ಯಾಮತಿಯವರು ಕೊಟ್ಟದ್ದು, ಯಾರು ಕೊಟ್ಟರೆಂದೇ ಮರೆತುಹೋದದ್ದು, ಎಲ್ಲವನ್ನೂ ನಾನು ಒಂದೇ ಕಡೆ ಸುರಿದುಕೊಂಡು ‘ನ್ಯೂ ಫೋಲ್ಡರ್’, ‘ಮುಖ್ಯ’, ‘ತುಂಬಾ ಮುಖ್ಯ’ ಎಂದು ಹೆಸರಿಟ್ಟಿದ್ದೆ. ‘ತುಂಬಾ ಮುಖ್ಯ’ದೊಳಗೆ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕನ ಹೆಸರು ಶಿವಲೀಲಾ. ಗೋವಿನಕೋವಿಗೆ ಕೊಟ್ಟಿದ್ದರು. ಭಾವ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಸಂತೇಬೆನ್ನೂರಿನ ನಮ್ಮ ಮನೆಗೆ ವಾಪಸ್ಸು ಬಂದವಳು ಬಹಳ ದಿನ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಒಂದು ಬೆಳಗ್ಗೆ ನಾನು ಚನ್ನಗಿರಿಯ ಅಂಗಡಿಗೆ ಹೊರಟಾಗ ಬಂದು ಬೈಕಿನ ಹಿಂದೆ ಕೂತಳು. “ಮನೇಲಿ ಕುಂತು ಏನ್ ಮಾಡ್ಲಿ? ನಿನ್ನ ಅಂಗಡೀಲಿ ಕಸನಾದ್ರೂ ಹೊಡಿತೀನಿ ನಡಿ” ಅಂದಳು. ಪೊರಕೆ ಹಿಡಿಯುವ ಮೊದಲೇ ನನ್ನ ಕಂಪ್ಯೂಟರಿನೊಳಗಿನ ಕಸ ಅವಳ ಕಣ್ಣಿಗೆ ಬಿತ್ತು.

ದಿನಾ ಪಕ್ಕದಲ್ಲಿ ಕೂತು ನೋಡುತ್ತಾ ಕೆಲಸವನ್ನೆಲ್ಲ ಕಲಿತಳು. ಆದರೂ ನಾನು ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ. ಬಿಡಿಸಿದ್ದು ಒಂದು ಫ್ಲೆಕ್ಸು. ಊರಿನ ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ಅವಸರದಲ್ಲಿ ಕೈಗೆ ಸಿಕ್ಕ ಮಾಲೆಯನ್ನು ಅವರ ಕೊರಳಿಗೆ ಹಾಕಿ ಪ್ರಿಂಟಿಗೆ ಕಳಿಸಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ ಮೇಲೆ ಜನ ನಿಂತು ನಿಂತು ನೋಡತೊಡಗಿದರು. ಮಾಲೆ ಶ್ರದ್ಧಾಂಜಲಿಯದು, ಅದಕ್ಕೆ ಅಂಟಿಕೊಂಡೇ ಬಂದಿದ್ದ ದೀಪ ಮೂಲೆಯಲ್ಲಿ ಉರಿಯುತ್ತಿತ್ತು. ಮುಖಂಡರು ಖುದ್ದು ಅಂಗಡಿಗೆ ಬಂದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. “ಇನ್ನೊಂದಿಷ್ಟು ದಿನ ಇರಾಕೆ ಬಿಡ್ರಿ ನನ್ನ” ಎಂದಷ್ಟೇ ಹೇಳಿದರು. ಅಕ್ಕ ಅವರಿಗೆ ಟೀ ತರಿಸಿ ಕುಡಿಸಿ ಕಳಿಸಿದಳು. ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು.

ಅವಳು ಮಾಡಿದ್ದು ಎರಡೇ ಫೋಲ್ಡರು: ‘ಇರೋರು’, ‘ಹೋದೋರು’. ಬ್ರಷ್ಷಿನ ಜೊತೆ ಬ್ರಷ್ಷು, ಆಕ್ಷನ್ ಜೊತೆ ಆಕ್ಷನ್ ಇರಬೇಕೆಂಬುದು ಸಾಫ್ಟ್‌ವೇರಿನ ಪದ್ಧತಿ. ಅಕ್ಕ ಅದಕ್ಕೆ ಸೊಪ್ಪು ಹಾಕಲಿಲ್ಲ. ಮಾಲೆ, ಮೋಡ, ಅಕ್ಷರ, ಮುಖ ತಿದ್ದುವ ಆಕ್ಷನ್, ಎಲ್ಲವನ್ನೂ ಬದುಕಿರುವವರಿಗೆ ಬೇಕಾದದ್ದು, ತೀರಿಕೊಂಡವರಿಗೆ ಬೇಕಾದದ್ದು ಎಂದು ಪಾಲು ಮಾಡಿದಳು. ಎರಡಕ್ಕೂ ಬೇಕಾದದ್ದನ್ನು ಎರಡೂ ಕಡೆ ಇಟ್ಟಳು. ಜಾಗ ಸುಮ್ಮನೆ ತುಂಬುತ್ತದೆ ಎಂದು ನಾನು ಗೊಣಗಿದರೆ “ತುಂಬ್ಲಿ ಬಿಡು” ಅನ್ನುತ್ತಿದ್ದಳು.

ನನಗೆ ನಿಜವಾಗಿ ರೇಗುತ್ತಿದ್ದದ್ದು ಅವಳು ಇಟ್ಟ ಸ್ಟಾಪ್‌ಗಳಿಗೆ. ಆಕ್ಷನ್ ಓಡುತ್ತಿರುವಾಗ ನಡುವೆ ತಡೆದು ಒಂದು ಸಂದೇಶ ತೋರಿಸುವ ಏರ್ಪಾಡು ಅದು. ಸಾಮಾನ್ಯವಾಗಿ ಯಾರೂ ಬಳಸುವುದಿಲ್ಲ. ಬೇಗ ಮುಗಿಯಲಿ ಎಂದೇ ಅಲ್ಲವೇ ಆಕ್ಷನ್ ಇರುವುದು? ‘ಹೋದೋರು’ ಫೋಲ್ಡರಿನ ಒಂದೊಂದು ಆಕ್ಷನ್ನಿನಲ್ಲೂ ಅಕ್ಕ ನಾಲ್ಕಾರು ಕಡೆ ನಿಲ್ಲಿಸಿದ್ದಳು. ಪರದೆಯ ಮೇಲೆ ಪುಟ್ಟ ಚೌಕ ಮೂಡುತ್ತಿತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಅಕ್ಕನ ಕನ್ನಡ. ‘ಕಣ್ಣು ನೋಡು, ಅವಸರ ಮಾಡಬ್ಯಾಡ.’ ‘ಕೋಟು ಹಾಕ್ತಿದೀಯ, ಅವರು ಕೋಟು ಹಾಕೋರಾ?’ ಸರಿ ಎಂದು ಒತ್ತಿದರೆ ಮಾತ್ರ ಕೆಲಸ ಮುಂದೆ ಹೋಗುತ್ತಿತ್ತು.

“ಮದುವೆ ಫೋಟೋಕ್ಕೆ ಇಲ್ದಿದ್ದು ಇದಕ್ಯಾಕೆ?” ಎಂದು ಕೇಳಿದ್ದೆ.

“ಇರೋರು ಬೇಕಾದ್ರೆ ಇನ್ನೊಂದು ತೆಗಿಸ್ತಾರೆ ಕಣೋ. ಹೋದೋರಿಗೆ ಇದೇ ಕೊನೇದು” ಅಂದಳು.

ಒಮ್ಮೆ ಜಗಳೂರು ಕಡೆಯ ಒಬ್ಬ ಹೆಂಗಸು ತನ್ನ ತಾಯಿಯ ಫೋಟೋ ತಂದಿದ್ದರು. ಆ ತಾಯಿಯ ತುಟಿಯ ಸುತ್ತ ತೊನ್ನಿನ ಬಿಳಿ ಮಚ್ಚೆ. ಅದನ್ನು ಅಳಿಸಿಕೊಡಿ ಎಂದರು. ನಾನಾಗಿದ್ದರೆ ಆಗಲೇ ಅಳಿಸಿರುತ್ತಿದ್ದೆ. ಅಕ್ಕ ಕೈ ತಡೆದು ಕೇಳಿದಳು: “ಇದು ನಿಮಗೆ ಬ್ಯಾಡೋ, ಅವರಿಗೆ ಬ್ಯಾಡಾಗಿತ್ತೋ?” ಆ ಹೆಂಗಸು ಸೆರಗಿನಿಂದ ಮೂಗೊರೆಸಿಕೊಂಡು, “ಅವ್ವಗೆ ರೀ. ಕನ್ನಡಿ ಗ್ವಾಡಿಗೆ ತಿರುವಿ ಇಟ್ಟಿದ್ಲು” ಅಂದರು. ಅಕ್ಕ ಇಡೀ ಮಧ್ಯಾಹ್ನ ಕೂತು, ಆಕ್ಷನ್ ಬಿಟ್ಟು ಕೈಯಿಂದಲೇ ಆ ಮಚ್ಚೆ ತುಂಬಿದಳು. ಊಟಕ್ಕೆ ಕರೆದರೆ ಏಳಲಿಲ್ಲ.

ಅಕ್ಕನ ಕಾಯಿಲೆ ಗೊತ್ತಾದ ಮೇಲೆ ಹೆಚ್ಚು ಕಾಲ ಸಿಗಲಿಲ್ಲ. ಆ ವಿಷಯ ಬರೆಯಲು ನನಗೆ ಮನಸ್ಸಿಲ್ಲ.

ಹೊಸ ಕಂಪ್ಯೂಟರಿಗೆ ಹಳೆಯದನ್ನೆಲ್ಲ ತುಂಬಿಸಿಕೊಡಲು ನಿನ್ನೆ ಮೆಕ್ಯಾನಿಕ್ ಬಂದಿದ್ದರು. ಅಕ್ಕನ ಆಕ್ಷನ್‌ಗಳನ್ನು ಓಡಿಸಿ ನೋಡಿ, “ಸರ್, ಇದು ಅಲ್ಲಲ್ಲಿ ನಿಂತು ಏನೋ ಕೇಳ್ತೈತೆ. ತೆಗೆದು ಹಾಕ್ಲಾ? ಸ್ಪೀಡ್ ಆಗ್ತೈತೆ” ಅಂದರು. ಬೇಡ, ಹಾಗೇ ಇರಲಿ ಅಂದೆ.

ಅಕ್ಕನ ವರ್ಷದ ಪೂಜೆ ಹತ್ತಿರ ಬಂತು. ಅವಳ ಫೋಟೋ ಆಗಬೇಕು; ಅವ್ವ ಕೇಳುತ್ತಲೇ ಇದ್ದಳು, ನಾನು ಕಂಪ್ಯೂಟರ್ ಕೆಟ್ಟಿದೆ ಎಂದು ಜಾರಿಕೊಳ್ಳುತ್ತಿದ್ದೆ. ಇವತ್ತು ಆ ನೆಪವೂ ಇಲ್ಲ. ಊರಿನವರ ಫೋಟೋವೆಲ್ಲ ತೆಗೆಯುವ ನನ್ನ ಹತ್ತಿರ ಅಕ್ಕನದು ನೆಟ್ಟಗಿನ ಒಂದು ಫೋಟೋ ಇಲ್ಲ. ನ್ಯಾಮತಿಯ ನೆಂಟರ ಮದುವೆಯಲ್ಲಿ ಸಾಲಿನ ಕೊನೆಗೆ ನಿಂತಿದ್ದಾಳೆ. ಫ್ಲಾಶ್ ಬಿದ್ದು ಹಣೆ ಪೂರ್ತಿ ಬೆಳ್ಳಗಾಗಿದೆ. ಅದನ್ನೇ ಕತ್ತರಿಸಿ ತೆಗೆದುಕೊಂಡು, ‘ಹೋದೋರು’ ತೆರೆದು, ಎಫ್ ಸಿಕ್ಸ್ ಒತ್ತಿದೆ.

ಹಿನ್ನೆಲೆ ಬದಲಾಯಿತು. ಬಣ್ಣ ತಿಳಿಯಾಯಿತು. ಕೆಲಸ ನಿಂತಿತು. ‘ಹಣೆಗೆ ಏನು ಇಡಬೇಕು, ಮನೇರನ್ನ ಕೇಳು.’

ಗಿರಾಕಿಗಳ ಫೋಟೋ ಮಾಡುವಾಗ ಎಷ್ಟೋ ಸಲ ಇದನ್ನು ಓದಿದ್ದೇನೆ, ಎದುರಿಗೆ ಕೂತವರನ್ನು ಕೇಳಿದ್ದೇನೆ. ಇವತ್ತು ಎದುರಿಗೆ ಯಾರೂ ಇರಲಿಲ್ಲ. ಮನೆಯವನು ನಾನೇ.

ಭಾವ ಹೋದ ಮೇಲೆ ಅಕ್ಕ ಮನೆಯಲ್ಲಿ ಹಚ್ಚುತ್ತಿದ್ದದ್ದು ವಿಭೂತಿ ಮಾತ್ರ. ಅಂಗಡಿಗೆ ಬಂದ ಮೇಲೆ ಪರ್ಸಿನಿಂದ ಸಣ್ಣ ಮೆರೂನ್ ಟಿಕಳಿ ತೆಗೆದು ಹಣೆಗೆ ಅಂಟಿಸಿಕೊಳ್ಳುತ್ತಿದ್ದಳು. ಸಂಜೆ ಬೈಕ್ ಹತ್ತುವ ಮುಂಚೆ ಕಿತ್ತು ಮಾನಿಟರಿನ ಅಂಚಿಗೆ ಹಚ್ಚುತ್ತಿದ್ದಳು. ನಾನು ನೋಡುತ್ತಿದ್ದೆ, ಆ ಮಾತು ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಅವ್ವನಿಗೆ ಫೋನ್ ಮಾಡಿದೆ. “ಅವ್ವಾ, ಅಕ್ಕನ ಫೋಟೋಕ್ಕೆ ಹಣೆಗೆ ಏನಿಡ್ಲಿ?”

ವಿಭೂತಿ ಅನ್ನುತ್ತಾಳೆಂದುಕೊಂಡಿದ್ದೆ.

“ಅಂಗಡೀಲಿ ಇಟ್ಕಂತಿದ್ಲಲ್ಲ, ಅದನ್ನೇ ಇಡಪ್ಪ.”

“ನಿಂಗೆ ಹೆಂಗೆ ಗೊತ್ತು?”

“ಬೆಳಿಗ್ಗೆ ವಿಭೂತಿ ಹಚ್ಕಂಡು ಹೋಗೋಳು. ಸಂಜಿಗೆ ಅದರ ನಡುವೆ ದುಂಡಗೆ ಖಾಲಿ ಇರ್ತಿತ್ತು. ದಿನಾ ನೋಡ್ತಿದ್ದೆ.” ಅವ್ವನೇ ಮುಂದುವರಿಸಿದಳು: “ತೆಗೀಬ್ಯಾಡ, ಇರ್ಲಿ ಅನ್ನಾಕೆ ನಂಗೆ ಬಾಯಿ ಬರ್ಲಿಲ್ಲ.”

ನನಗೂ ಬಂದಿರಲಿಲ್ಲ. ಅವ್ವ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಮೆರೂನ್ ಬಣ್ಣ ಆರಿಸಿಕೊಂಡು, ಬ್ರಷ್ ಚಿಕ್ಕದು ಮಾಡಿ, ಅಕ್ಕನ ಹಣೆಯ ನಡುವೆ ಒಂದೇ ಒಂದು ಚುಕ್ಕೆ ಇಟ್ಟೆ. ಇನ್ನು ಅದು ಸಂತೇಬೆನ್ನೂರಿನ ಮನೆಯ ಗೋಡೆಯ ಮೇಲೆ, ಅವ್ವನ ಕಣ್ಣೆದುರಿಗೇ ಇರುತ್ತದೆ. ಸಂಜೆಯಾದರೂ ಅಕ್ಕ ಅದನ್ನು ತೆಗೆಯಬೇಕಾಗಿಲ್ಲ.