ಹಿಮ್ಮಡಿಗೆ ತುಂಬಿದ ಮೇಣ

ಅತ್ತೆಯ ಹಿಮ್ಮಡಿಗೆ ನಾನು ಕೊನೆಯ ಸಲ ಮೇಣ ತುಂಬಿದ್ದು ಜನವರಿಯ ಒಂದು ಸೋಮವಾರ ಬೆಳಿಗ್ಗೆ. ಬಾಬುರಾಯನಕೊಪ್ಪಲಿನ ಅವಳ ಮನೆಯ ಜಗಲಿಗೆ ಆಗಷ್ಟೇ ಬಿಸಿಲು ಬಂದಿತ್ತು. ಕಂಬಕ್ಕೆ ಒರಗಿ, ಕಾಲುಗಳನ್ನು ನನ್ನ ಮಡಿಲಿಗೆ ಚಾಚಿ, ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಪಾಠ ಮಾಡುವ ತರಬೇತಿಗೆಂದು ನಾನು ಒಂದು ತಿಂಗಳ ಮಟ್ಟಿಗೆ ಅಕ್ಕಿಹೆಬ್ಬಾಳಿಗೆ ಹೊರಡಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು. ಒಲೆಯಿಂದ ಇಳಿಸಿದ ಮೇಣವನ್ನು ಮುಂಗೈಗೆ ತಾಕಿಸಿ ನೋಡದೆಯೇ ಅವಳ ಬಿರುಕುಗಳಿಗೆ ಸುರಿದೆ.

“ಸ್ಸ್…” ಎಂದು ಕಾಲು ಎಳೆದುಕೊಂಡಳು.

“ಬಿಸಿ ಜಾಸ್ತಿ ಆಯ್ತಾ ಅತ್ತೆ?”

“ಇಲ್ಲ ಕಣಮ್ಮಿ, ಇತವಾಗೇ ಅದೆ. ಒಸಿ ಉರಿದ್ರೆ ತಾನೇ ಮೇಣ ಒಳಕ್ಕೋಗೋದು? ಬಿರ್ರನೆ ತುಂಬು, ಬಸ್ಸು ಬಂದ್ಬುಡ್ತದೆ.”

ಜವರಮ್ಮ ನನ್ನ ಅಪ್ಪನ ಅಕ್ಕ. ಮನೆಯಲ್ಲಿ ಅವಳು, ಮಾವ ಇಬ್ಬರೇ; ಮಕ್ಕಳಿರಲಿಲ್ಲ. ನಾಗಮಂಗಲದ ಕಡೆಯ ನಮ್ಮೂರಿನಿಂದ ದಿನಾ ಓಡಾಡಿ ಓದುವುದು ಆಗದೆಂದು ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿಗೆ ಸೇರಿದಾಗ ಅಪ್ಪ ನನ್ನನ್ನು ಅವಳ ಮನೆಯಲ್ಲಿ ಬಿಟ್ಟಿದ್ದ. ಭತ್ತದ ಕೊಯ್ಲು ಮುಗಿದು ಚಳಿಗಾಳಿ ಬೀಸತೊಡಗಿದರೆ ಗದ್ದೆಯ ಕೆಸರಿನಲ್ಲಿ ನೆಂದ ಕಾಲುಗಳೆಲ್ಲ ಒಣಗಿ ಒಡೆಯುತ್ತಿದ್ದವು. ಆಗ ಅತ್ತೆಯ ಜಗಲಿಯಲ್ಲಿ ಹಿಮ್ಮಡಿ ಒಡೆದವರ ಸಾಲು. ಉಪ್ಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸುವುದು, ಹೀರೇಕಾಯಿ ನಾರಿನಿಂದ ಉಜ್ಜುವುದು, ಒರೆಸಿ, ಹರಳೆಣ್ಣೆಯಲ್ಲಿ ಕರಗಿಸಿದ ಜೇನುಮೇಣವನ್ನು ಬಿರುಕಿನೊಳಕ್ಕೆ ಹನಿಸುವುದು. ಮೈ ಬೆಳ್ಳಗೆ ಒಡೆದ ಮಕ್ಕಳಿಗೆ ಬೆಣ್ಣೆ.

ಬೈಗುಳವೂ ಔಷಧಿಯ ಭಾಗವೇ. ಬೆಳಗೊಳದಿಂದ ಬರುತ್ತಿದ್ದ ಒಬ್ಬ ಕಬ್ಬು ಕಡಿಯುವವನು ಮೇಣದ ಸೌಟು ಕಂಡರೇ ಅರಚುತ್ತಿದ್ದ. “ಯಾಕ್ಲಾ ಅಂಗ್ ಕಿರುಚ್ಕತೀಯಾ? ಹೆರಿಗೆಗೆ ಬಂದಿದ್ದೀಯಾ?” ಎಂದು ಅವನ ಹೆಬ್ಬೆರಳು ಹಿಡಿದು ಜಗ್ಗುತ್ತಿದ್ದಳು. ಅವನು “ಉರೀತದೆ ಕಣಕ್ಕೋ” ಎಂದರೆ ಅವಳಿಗೆ ಸಮಾಧಾನ. ಎಲ್ಲಿ ಉರಿಯುತ್ತದೆ, ಎಷ್ಟು ಉರಿಯುತ್ತದೆ ಎಂಬುದರಿಂದಲೇ ಅವಳು ಬಿರುಕಿನ ಆಳ ತಿಳಿಯುತ್ತಿದ್ದಳು.

ಒಂದು ಸಲ ಪಾಂಡವಪುರದಿಂದ ಒಬ್ಬ ಯಜಮಾನರು ಬಂದರು. ಮೇಣ ಬಿದ್ದಾಗ ಅವರ ಕಾಲು ಅಲುಗಲೇ ಇಲ್ಲ. ಅವರು ಅದನ್ನೇ ಹೆಮ್ಮೆ ಎಂಬಂತೆ ನಕ್ಕರು. ಅತ್ತೆ ಸೌಟು ಕೆಳಗಿಟ್ಟಳು. “ಇದು ನನ್ ಕೆಲ್ಸ ಅಲ್ಲ ಸೋಮಿ. ಉರಿ ತಿಳೀದೆ ಇರೋ ಕಾಲ್ನ ಜಗಲಿಗೆ ತರಬಾರ್ದು. ಸಕ್ಕರೆ ಕಾಯ್ಲೆ ಇದ್ದಾತು, ಇವತ್ತೇ ಆಸ್ಪತ್ರೆಗೋಗಿ” ಎಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, “ನೋಡ್ಕೊಂಡ್ಯಾ? ಮೊದ್ಲು ಕಾಲು ನೋಡ್ಬ್ಯಾಡ, ಮೊಕ ನೋಡು” ಎಂದಳು.

ನಾನು ಅವಳ ಕಾಲಿನ ಮೇಲೇ ಕೆಲಸ ಕಲಿತೆ. ಎರಡು ಚಳಿಗಾಲ, ವಾರಕ್ಕೊಮ್ಮೆ. ಪ್ರತಿ ಸಲವೂ ಅವಳ ಮುಖ ನೋಡುತ್ತಿದ್ದೆ. ಪ್ರತಿ ಸಲವೂ ಅವಳು ಹುಬ್ಬು ಗಂಟಿಕ್ಕಿ “ಸ್ಸ್” ಎನ್ನುತ್ತಿದ್ದಳು.

ತರಬೇತಿ ಮುಗಿಯುವ ವಾರ ಮಾವ ಅಕ್ಕಿಹೆಬ್ಬಾಳಿಗೆ ಬಂದರು. ಅತ್ತೆಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಮೇಣದಿಂದ ಎದ್ದ ಗುಳ್ಳೆ ಒಡೆದು, ಕೀವಾಗಿ, ಪಾದ ಕಪ್ಪಾಗಿತ್ತು. ಮೂರು ವಾರ ಅದಕ್ಕೆ ಹಳೆಯ ಸೀರೆಯ ಚೂರು ಸುತ್ತಿಕೊಂಡು ಓಡಾಡಿದ್ದಳಂತೆ.

ವೈದ್ಯರು ನನ್ನೆದುರೇ ಅವಳ ಅಂಗಾಲಿಗೆ ಸೂಜಿ ಚುಚ್ಚಿ, “ಗೊತ್ತಾಗ್ತಿದೆಯಾ?” ಎಂದು ಕೇಳಿದರು.

“ಇಲ್ಲ ಸಾ.”

“ಎಷ್ಟು ದಿನದಿಂದ ಹೀಗೆ?”

ಅತ್ತೆ ಕಿಟಕಿಯ ಕಡೆ ಮುಖ ಮಾಡಿದಳು. “ಎಲ್ಡು ವರ್ಸದ ಮೇಲಾಯ್ತು ಸಾ.”

ಮಾವನಿಗೂ ಗೊತ್ತಿತ್ತು. ಶ್ರೀರಂಗಪಟ್ಟಣದಿಂದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎಲೆಅಡಿಕೆ ಚೀಲದಲ್ಲಿ ಬಚ್ಚಿಟ್ಟು ತರುತ್ತಿದ್ದುದು ಅವರೇ. ನನಗೊಬ್ಬಳಿಗೇ ಗೊತ್ತಿರಲಿಲ್ಲ, ಆ ಕಾಲನ್ನು ವಾರವಾರ ಮಡಿಲಲ್ಲಿಟ್ಟುಕೊಂಡವಳಿಗೆ.

ವೈದ್ಯರು ಹೋದ ಮೇಲೆ ಕೇಳಿದೆ. “ಯಾಕತ್ತೆ ಸುಳ್ಳು ಹೇಳಿದೆ?”

“ಗೊತ್ತಾಗಿದ್ರೆ ನಿಮ್ಮಪ್ಪ ನಿನ್ ಓದು ಬುಡ್ಸಿ ನನ್ ಕಾಲ್ತಾವ ಕೂರಿಸ್ಬುಡೋನು ಕಣಮ್ಮಿ. ಎಲ್ಡು ವರ್ಸ ತಳ್ಳಿದ್ರೆ ನೀನು ಮೇಷ್ಟ್ರಾಗ್ತಿದ್ದೆ.”

“ಅದಕ್ಕೆ ನನ್ನ ಕೈಯಲ್ಲೇ ಸುಡಿಸ್ಕೊಂಡ್ಯಾ?”

ಅವಳು ಕಂಬಳಿಯನ್ನು ಪಾದದ ಮೇಲೆ ಎಳೆದುಕೊಂಡಳು. ಅವಳ ಮೊಣಕೈ ಒಣಗಿ ಬೂದಿ ಬಳಿದಂತಾಗಿತ್ತು. ನನ್ನ ಚೀಲದಲ್ಲಿ ಕೊಬ್ಬರಿ ಎಣ್ಣೆಯ ಶೀಶೆ ಇತ್ತು. ನಾನು ತೆಗೆಯಲಿಲ್ಲ. ಅದೇ ನಮ್ಮ ಕೊನೆಯ ಮಾತು. ಮಾರನೆಯ ದಿನ ಕಾಲು ತೆಗೆದರು. ಮತ್ತೆ ಅವಳಿಗೆ ಸರಿಯಾಗಿ ಎಚ್ಚರವಾಗಲೇ ಇಲ್ಲ. ಐದನೆಯ ದಿನ ತೀರಿಕೊಂಡಳು.

ಅವಳು ಬಯಸಿದಂತೆ ನಾನು ಮೇಷ್ಟ್ರಾದೆ. ಸಕ್ಕರೆ ಕಾಯಿಲೆಯಿಂದ ಹೋದಳು ಎಂದು ಊರು ಹೇಳುತ್ತದೆ, ನಾನೂ ಹೌದೆನ್ನುತ್ತೇನೆ. ಆದರೆ ಆ ಮೇಣ ನಾನು ಸುರಿದದ್ದು. ಬಿಸಿಯಾಯಿತೇ ಎಂದು ಕೇಳಿದ್ದೆ, ಹಿತವಾಗಿದೆ ಎಂದಿದ್ದಳು. ಪಾಂಡವಪುರದ ಯಾರೋ ಒಬ್ಬರಿಗೆ ಹೇಳಿದ ನಿಜವನ್ನು ನನಗೆ ಹೇಳಲಿಲ್ಲ.

ಶಾಲೆಯಲ್ಲಿ ಚಳಿಗೆ ಕೆನ್ನೆ ಒಡೆದ ಮಕ್ಕಳಿಗೆ ಬೆಣ್ಣೆ ಹಚ್ಚುತ್ತೇನೆ. ಮೇಣ ಮಾತ್ರ ಕರಗಿಸುವುದಿಲ್ಲ. ಆ ಎರಡು ಚಳಿಗಾಲದಲ್ಲಿ ನನ್ನ ಕೈ ತಾಕಿದ್ದು ಅವಳಿಗೆ ಒಂದು ಸಲವಾದರೂ ತಿಳಿದಿತ್ತೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅದು ನನಗೆ ಇವತ್ತಿಗೂ ಗೊತ್ತಿಲ್ಲ.