ಎರಡು ರೊಟ್ಟಿಯ ಹಿರಿಯರು

ಬಸವಕಲ್ಯಾಣದ ನಮ್ಮ ಮನೆಯ ದೇವರ ಜಗಲಿಯ ಮೇಲೆ ಐದು ಬೆಳ್ಳಿಯ ಟಾಕುಗಳಿದ್ದವು. ಟಾಕು ಎಂದರೆ ಅಂಗೈ ನಡುವೆ ಕೂರುವಷ್ಟು ಚಿಕ್ಕ ತಗಡು. ಅದರ ಮೇಲೆ ದೇವರ ರೂಪವನ್ನೋ ತೀರಿಹೋದ ಹಿರಿಯರ ರೂಪವನ್ನೋ ಉಬ್ಬಿಸಿರುತ್ತಾರೆ. ನಾಲ್ಕು ಟಾಕುಗಳು ಚೌಕಾಗಿ, ತೆಳ್ಳಗೆ ಇದ್ದವು. ಐದನೆಯದು ಮಾತ್ರ ಗುಂಡಗೆ, ದಪ್ಪಗೆ, ಅಂಚು ಓರೆಕೋರೆಯಾಗಿ ಇತ್ತು. ಅದನ್ನು ‘ಹಿರೇರು’ ಅನ್ನುತ್ತಿದ್ದರು. ಯಾವುದೋ ತಲೆಮಾರಿನಲ್ಲಿ ನಾರಾಯಣಪುರದ ನಮ್ಮ ಹೊಲದಲ್ಲಿ ನೇಗಿಲ ಸಾಲಿಗೆ ಸಿಕ್ಕಿತ್ತಂತೆ. ನಮ್ಮ ಹೊಲದಲ್ಲಿ ಸಿಕ್ಕ ಮೇಲೆ ನಮ್ಮ ಹಿರಿಯರೇ ಆಗಿರಬೇಕು ಎಂಬುದು ಮನೆಯವರ ತರ್ಕ. ಈ ತರ್ಕದಲ್ಲಿ ತಪ್ಪು ಹುಡುಕುವವರು ನಾನು ಹುಟ್ಟುವವರೆಗೆ ಮನೆಯಲ್ಲಿ ಯಾರೂ ಇರಲಿಲ್ಲ.

ಅವುಗಳನ್ನು ತೊಳೆಯುವವಳು ದೊಡ್ಡವ್ವ, ನನ್ನ ತಂದೆಯ ಅಣ್ಣನ ಹೆಂಡತಿ. ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣಿಗೆ ಒಲೆಯ ಬೂದಿ ಸೇರಿಸಿ, ಹಾಲಿನ ಪಾತ್ರೆಯ ತಳ ಉಜ್ಜುವ ಶ್ರದ್ಧೆಯಿಂದಲೇ ಹಿರಿಯರನ್ನೂ ಉಜ್ಜುತ್ತಿದ್ದಳು. ಉಜ್ಜುತ್ತ ಕಥೆ ಹೇಳುತ್ತಿದ್ದಳು. ನಮ್ಮ ವಂಶದ ಮೂಲದಲ್ಲಿ ಇಬ್ಬರು ಅಣ್ಣತಮ್ಮಂದಿರು. ಮನೆ ಪಾಲಾಗುವ ಹೊತ್ತಿಗೆ ಉಳಿದದ್ದು ಎರಡೇ ರೊಟ್ಟಿ. ಜಗಳವಿಲ್ಲದೆ ಒಂದೊಂದು ತೆಗೆದುಕೊಂಡರು. ಅದಕ್ಕೇ ಟಾಕಿನ ಮೇಲೆ ಇಬ್ಬರು ನಿಂತಿದ್ದಾರೆ, ನಡುವೆ ಎರಡು ರೊಟ್ಟಿ.

ಹೀಗೆ ಹೇಳುತ್ತಿದ್ದಳು ಎಂದು ನನ್ನ ನೆನಪು. ತಾಪತ್ರಯ ಇರುವುದು ಅಲ್ಲಿಯೇ.

ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಚಿಕ್ಕಂದಿನಲ್ಲಿ ಕೋಟೆಯ ಗೋಡೆಯಿಂದ ಬಿದ್ದು ಮೊಣಕೈ ಮುರಿದುಕೊಂಡದ್ದು ನನಗೆ ನೋವಿನ ಸಮೇತ ನೆನಪಿತ್ತು. ನಲವತ್ತು ದಾಟಿದ ಮೇಲೆ ಒಂದು ದಿನ ದೊಡ್ಡವ್ವನ ಮಗ ತೋಳು ಮಡಚಿ ಗಾಯದ ಗುರುತು ತೋರಿಸಿ, ಬಿದ್ದವನು ತಾನು, ನಾನು ಕೆಳಗೆ ನಿಂತು ನಕ್ಕವನು ಎಂದ. ನನ್ನ ಎರಡೂ ಮೊಣಕೈ ನೋಡಿಕೊಂಡೆ. ನುಣ್ಣಗಿದ್ದವು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಡ್ರಮ್ಮಿನ ಮೇಲಿನ ಚೀಟಿ ನಂಬದೆ ಒಳಗಿನ ಸರಕಿನ ಚಿಟಿಕೆ ತೆಗೆದು ನೋಡುವುದೇ ನನ್ನ ಉದ್ಯೋಗ. ಹಳೆಯ ನಾಣ್ಯಗಳ ಹುಚ್ಚು ಹತ್ತಿದ್ದೂ ಇದರಿಂದಲೇ ಇರಬೇಕು. ಸುದ್ದಿ ಹರಡಿ, ಜನ ಏನೇನೋ ತಂದು ತೋರಿಸುತ್ತಿದ್ದರು. ನಿಜಾಮರ ಕಾಲದ ತಾಮ್ರದ ದುಡ್ಡು, ಜಾತ್ರೆಯಲ್ಲಿ ಮಾರುವ ದೇವರ ಬಿಲ್ಲೆ, ಒಮ್ಮೆ ಸುತ್ತಿಗೆಯಿಂದ ಚಪ್ಪಟೆ ಮಾಡಿದ ಸೋಡಾ ಬಾಟಲಿಯ ಮುಚ್ಚಳ. “ರೋಮ್ ದೇಶದ್ದ ಐತೇನ್ರಿ ಸರ್?” ಎಂದು ಆಸೆಯಿಂದ ಕೇಳುವರು. “ಅಲ್ರಿ” ಅನ್ನುವುದರಲ್ಲಿ ನನಗೆ ಒಂದು ಬಗೆಯ ಸುಖವಿತ್ತು.

ಎರಡು ವರ್ಷದ ಹಿಂದೆ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತ ಮೊಬೈಲಿನಲ್ಲಿ ನಾಣ್ಯಗಳ ಪಟ್ಟಿಯೊಂದನ್ನು ನೋಡುತ್ತಿದ್ದೆ. ರೋಮನ್ ಬೆಳ್ಳಿಯ ನಾಣ್ಯ, ದಿನಾರಿಯಸ್. ನಮ್ಮ ದಕ್ಷಿಣದಲ್ಲಿ ಬಹಳ ಸಿಗುವ ಬಗೆ. ಒಂದು ಮಗ್ಗುಲಲ್ಲಿ ಮೊದಲ ಚಕ್ರವರ್ತಿಯ ಮುಖ. ಇನ್ನೊಂದು ಮಗ್ಗುಲಲ್ಲಿ ಅವನ ಇಬ್ಬರು ಮೊಮ್ಮಕ್ಕಳು ನಿಂತಿದ್ದಾರೆ, ಅವರ ನಡುವೆ ಎರಡು ದುಂಡನೆಯ ಗುರಾಣಿ. “ಗುರಾಣಿ ಅಲ್ಲ, ರೊಟ್ಟಿ!” ಎಂದು ಜೋರಾಗಿ ಕೂಗಿದೆನಂತೆ. ಅದನ್ನೂ ಪಕ್ಕದಲ್ಲಿ ಕುಳಿತವರು ಆಮೇಲೆ ಹೇಳಿದ್ದು.

ಮುಂದಿನ ಭಾನುವಾರವೇ ಬಸವಕಲ್ಯಾಣಕ್ಕೆ ಹೋಗಿ ಜಗಲಿಯ ಮುಂದೆ ಕುಳಿತು ಭೂತಗನ್ನಡಿ ಹಿಡಿದೆ. ಹಿರಿಯರ ಮೇಲೆ ಏನೂ ಇರಲಿಲ್ಲ. ಒಂದು ಮಗ್ಗುಲಲ್ಲಿ ಮೂಗಿರಬಹುದಾದ ಒಂದು ಉಬ್ಬು, ಅಷ್ಟೇ. ಎರಡು ಸಾವಿರ ವರ್ಷ ಮಣ್ಣಿನೊಳಗೆ ಬದುಕಿದ ಚಕ್ರವರ್ತಿ ನಮ್ಮ ಮನೆಯ ಸೊಸೆಯಂದಿರ ಹೆಬ್ಬೆರಳಿಗೆ ಸೋತುಹೋಗಿದ್ದ.

ಉಳಿದ ಸಾಕ್ಷಿ ಒಂದೇ, ರೊಟ್ಟಿಯ ಕಥೆ. ಆದರೆ ಆ ಕಥೆಯನ್ನು ದೊಡ್ಡವ್ವ ನಿಜಕ್ಕೂ ಹೇಳುತ್ತಿದ್ದಳೋ, ಇಲ್ಲಾ ಚಿತ್ರ ನೋಡಿದ ಮೇಲೆ ನನ್ನ ತಲೆಯೇ ಹೊಸೆಯಿತೋ? ಮುರಿಯದ ಮೊಣಕೈಯ ನೋವು ನೆನಪಿಟ್ಟುಕೊಂಡವನನ್ನು ಹ್ಯಾಗೆ ನಂಬುವುದು? ಆಕೆಯ ಬಾಯಿಂದಲೇ ಬರಬೇಕು, ನಾನು ಸುಳಿವು ಕೊಡಬಾರದು. ‘ರೊಟ್ಟಿ’ ಎಂಬ ಶಬ್ದ ನನ್ನ ಬಾಯಿಂದ ಬಿದ್ದರೆ ಪರೀಕ್ಷೆಯ ಮಾದರಿ ಕೆಟ್ಟಂತೆ.

“ದೊಡ್ಡವ್ವ, ಈ ಹಿರೇರ ಮ್ಯಾಲ ಮೊದಲ ಏನಿತ್ತು?”

“ಹಿರೇರ ಇದ್ರು.”

“ಎಷ್ಟ ಮಂದಿ?”

“ಯಾಕ, ರೇಶನ್ ಕಾರ್ಡ್ ಮಾಡಸ್ತಿ ಏನು?”

ಆ ದಿನದ ತನಿಖೆ ಅಲ್ಲಿಗೆ ಮುಗಿಯಿತು. ಆಮೇಲೆ ಹೋದಾಗಲೆಲ್ಲ ಕೇಳಿದೆ. ಹಾಗೆಂದುಕೊಂಡಿದ್ದೇನೆ. ಆಕೆ ಒಮ್ಮೆ ಶೇಂಗಾ ಹುರಿಯುತ್ತಿದ್ದಳು, ಒಮ್ಮೆ ನನ್ನ ಕೈಗೇ ಸೊಪ್ಪು ಕೊಟ್ಟು ಸೋಸಲು ಕೂರಿಸಿದಳು. ಉತ್ತರ ಸಿಗಲಿಲ್ಲ.

ಹೋದ ಮಾಘದಲ್ಲಿ, ಕೆಲಸದ ಹೊತ್ತಿಗೇ ದೊಡ್ಡವ್ವನ ಫೋನು ಬಂತು. “ತಮ್ಮಾ, ಹುಮನಾಬಾದಕ್ಕ ಬಂದೀನಿ. ಪತ್ತಾರನ ಅಂಗಡ್ಯಾಗ ಕುಂತೀನಿ. ಮೊಮ್ಮಗನ ಲಗ್ನ ಬಂತಲ್ಲ, ದೇವ್ರು ಹೊಸಾವ ಮಾಡಸಾಕತ್ತೇನಿ. ಬಾ, ಮುಗದ ಮ್ಯಾಲ ಮಾಣಿಕನಗರದ ಗುಡಿಗಿ ಹೋಗಿ ಬರೂಣು.”

ಟಾಕು ಸವೆದರೆ ಪತ್ತಾರನಲ್ಲಿ, ಎಂದರೆ ಅಕ್ಕಸಾಲಿಗನಲ್ಲಿ, ಕರಗಿಸಿ, ಅದೇ ಬೆಳ್ಳಿಯಿಂದ ಹೊಸದು ಮಾಡಿಸುವುದು ನಮ್ಮಲ್ಲಿ ಪದ್ಧತಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಯಿಂದ ಕಾಲಿಗೆ ಇಳಿಯಲು ಅರ್ಧ ನಿಮಿಷ ಹಿಡಿಯಿತು. ಬಿಳಿ ಕೋಟು ಕಳಚದೆಯೇ ಆಟೋ ಹತ್ತಿದೆ.

ಅಂಗಡಿಗೆ ಹೋದಾಗ ಮೂರು ಟಾಕುಗಳು ಮೂಸೆಯೊಳಗೆ ನೀರಾಗಿದ್ದವು. ನಾಲ್ಕನೆಯದು ಪತ್ತಾರನ ಇಕ್ಕಳದ ತುದಿಯಲ್ಲಿತ್ತು. ಹಿರೇರು ತಟ್ಟೆಯಲ್ಲಿ ಒಬ್ಬರೇ ಕೂತು ಸರದಿ ಕಾಯುತ್ತಿದ್ದರು.

“ಇದನ್ನ ಕರಗಸಬ್ಯಾಡ್ರಿ!” ಎಂದೆ.

ಪತ್ತಾರ ನನ್ನ ಕೋಟು ನೋಡಿದ. “ಡಾಕ್ಟರ್ ಬಂದ್ರು ನೋಡ್ರಿ ಅವ್ವಾರ. ಯಾರಿಗಿ ಆರಾಮಿಲ್ರಿ ಸಾಹೇಬ್ರ?”

“ನಮ್ಮ ಮೈದುನನ ಮಗ ಅಂವ,” ಎಂದಳು ದೊಡ್ಡವ್ವ. “ಬಹಳ ಓದ್ಯಾನ. ಅದಕ್ಕ ಹಂಗ.” ಆಮೇಲೆ ನನ್ನ ಕಡೆಗೆ ತಿರುಗಿ, “ಯಾಕ ಬ್ಯಾಡ? ಮುಖ ಮೂತಿ ಏನೂ ಉಳಿದಿಲ್ಲ. ಮದಿಮಕ್ಕಳು ಬಂದು ಯಾರಿಗಿ ಕೈ ಮುಗೀಬೇಕು? ಬೋಳು ಬಿಲ್ಲೆಗೇನು?”

“ಇದು ರೋಮ್ ದೇಶದ ನಾಣ್ಯ ಇರಬಹುದು, ದೊಡ್ಡವ್ವ.”

“ಇರಬಹುದೋ, ಐತೋ?”

ಅರವತ್ತು ವರ್ಷ ಹಿರಿಯರನ್ನು ಉಜ್ಜಿದ ಆ ಹೆಂಗಸು ಒಂದೇ ಪ್ರಶ್ನೆಯಲ್ಲಿ ನನ್ನ ಇಡೀ ವಿದ್ಯೆಯ ಮರ್ಮಕ್ಕೆ ಕೈ ಹಾಕಿದಳು. ನಾನು ಅಲ್ಲೇ ಮಣೆಯ ಮೇಲೆ ಕುಳಿತು, ಸುಳಿವು ಕೊಡದಂತೆ ಒಂದೊಂದೇ ಶಬ್ದ ಅಳೆದು ಕೇಳಿದೆ. “ಇದರ ಮ್ಯಾಲ ಮೊದಲ ಏನು ಕಾಣ್ತಿತ್ತು ಅಂತ ನಿನಗ ನೆನಪೈತಿ, ಹೇಳು. ನಾ ಏನೂ ಹೇಳಾಂಗಿಲ್ಲ.”

“ಇಬ್ರು ಅಣ್ಣತಮ್ರು. ನಡುವ ಎರಡು ರೊಟ್ಟಿ.”

ನನಗೆ ಎದ್ದು ಕುಣಿಯುವಂತಾಯಿತು. “ಮತ್ತ?”

“ರೊಟ್ಟಿ ಮ್ಯಾಲ ಒಂದು ಸೌಟು.”

ಆ ನಾಣ್ಯದ ಮೇಲೆ ಗುರಾಣಿಗಳ ಮೇಲ್ಗಡೆ ಪೂಜಾರಿಗಳ ಸೌಟಿನ ಚಿಕ್ಕ ಚಿತ್ರ ಇದ್ದೇ ಇದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಾಕ್ಷಿ ಎಂದರೆ ಇದು! “ಸೌಟಿನ ಮಾತು ನಿನಗ ಯಾರು ಹೇಳಿದ್ರು? ನಿನ್ನ ಅತ್ತಿ ಏನು?”

“ಅತ್ತಿ ಯಾಕ ಹೇಳ್ತಾಳ? ನೀನಾ ಹೇಳಿದ್ದಿ ಅಲ್ಲೋ. ಹೋದ ಯುಗಾದಿಗಿ ಬಂದಾಗ, ಮೊಬೈಲ್‌ದಾಗ ಚಿತ್ರ ತೋರಿಸಿ. ಹೋಳಿಗಿ ತಿನ್ನಾಕತ್ತಿದ್ದಿ. ಮೊಬೈಲಿಗೆಲ್ಲಾ ತುಪ್ಪ ಹತ್ತಿತ್ತು.”

ಹೋಳಿಗೆ ನೆನಪಿದೆ. ಚಿತ್ರ ತೋರಿಸಿದ್ದು ಎಳ್ಳಷ್ಟೂ ನೆನಪಿಲ್ಲ.

“ಆದ್ರ ರೊಟ್ಟಿ? ರೊಟ್ಟಿ ಕಥಿ ನಿನ್ನ ಅತ್ತೀದ ಹೌದಲ್ಲ?” ಎಂದು ಗೋಗರೆದೆ.

ದೊಡ್ಡವ್ವ ಯೋಚಿಸಿದಳು. “ಹೂಂ, ಆಕೀದ.” ತಡೆದು, “ಇಲ್ಲಾ, ಅದನ್ನೂ ನೀನಾ ಹೇಳಿದ್ದಿ ಏನೋ. ನೀ ಒಮ್ಮಿ ಬಾಯಿ ತೆಗದಿ ಅಂದ್ರ ಯಾರು ಏನು ಹೇಳಿದ್ರು ಅಂತ ನೆನಪ ಉಳೀತದೇನು?” ಎಂದಳು.

ಬೇರೆಯವರ ಸರಕಿನಲ್ಲಿ ಕಲಬೆರಕೆ ಹಿಡಿಯುವವನು ನನ್ನ ಮಾದರಿಯನ್ನು ನಾನೇ ಕೆಡಿಸಿಕೊಂಡಿದ್ದೆ, ಅದೂ ತುಪ್ಪದ ಕೈಯಿಂದ.

ಪತ್ತಾರನಿಗೆ ಹೊತ್ತಾಗುತ್ತಿತ್ತು. “ಏನ್ ಮಾಡ್ಲಿರಿ ಅವ್ವಾರ? ಬೆಂಕಿ ಕಾಯಾಕತ್ತೈತಿ.”

ದೊಡ್ಡವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. “ನೋಡು ತಮ್ಮಾ. ಇಂವ ನಮ್ಮಂವ ಇದ್ರ ಹೊಸ ದೇವ್ರೊಳಗ ಕೂಡಬೇಕು. ಹೊರಗಿನಂವ ಇದ್ರ ನಮ್ಮ ಹಿರೇರೊಳಗ ಕಲಸೂದು ಬ್ಯಾಡ. ನನ್ನ ತಲಿ ಮುಟ್ಟಿ ಹೇಳು, ಯಾರಂವ ಇಂವ?”

“ನೂರಕ್ಕ ಎಪ್ಪತ್ತು ಪಾಲು ಹೊರಗಿನಂವ,” ಎಂದೆ.

ಪತ್ತಾರ ನಕ್ಕ. “ಸಾಹೇಬ್ರ, ಎಪ್ಪತ್ತು ಪಾಲು ಬೆಳ್ಳಿ ಇದ್ರ ನಾವು ಅದಕ್ಕ ಬೆಳ್ಳಿ ಅನ್ನಾಂಗಿಲ್ರಿ.”

“ತಲಿ ಮುಟ್ಟು,” ಎಂದಳು ದೊಡ್ಡವ್ವ.

ಮುಟ್ಟಿದೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆ, ಬೆಚ್ಚಗಿತ್ತು. ಇಪ್ಪತ್ತು ವರ್ಷದಿಂದ ಸಾಕ್ಷಿಯಿಲ್ಲದ ಒಂದು ಕಾಗದಕ್ಕೂ ಸಹಿ ಹಾಕದ ನಾನು, ಎದುರಿಗೆ ಬೆಂಕಿ ಉರಿಯುತ್ತಿರಲು, “ಹೊರಗಿನಂವ. ರೋಮ್ ದೇಶದ ಅರಸ,” ಎಂದುಬಿಟ್ಟೆ.

ದೊಡ್ಡವ್ವ ಹಿರೇರನ್ನು ತಟ್ಟೆಯಿಂದ ಎತ್ತಿಕೊಂಡಳು. ನಾನು ಕೈ ಚಾಚಿದೆ. ಆಕೆ ಕೊಡಲಿಲ್ಲ.

“ಅಷ್ಟ್ ದೂರದಿಂದ ಬಂದಾನ?”

“ಹೂಂ. ಸಮುದ್ರ ದಾಟಿ.”

“ಅಮಾಸಿಗೊಮ್ಮಿ ನಮ್ಮ ಮನ್ಯಾಗ ಉಂಡಾನ. ಉಂಡಂವನ್ನ ಹ್ಯಾಂಗ ಹೊರಗ ಹಾಕೂದು?” ಎಂದು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡಳು. “ಹಿರೇರು ಅಲ್ಲದಿದ್ರ ಪಾವಣ್ಯಾ, ಮನಿಗಿ ಬಂದ ನೆಂಟ. ಜಗಲಿ ಮ್ಯಾಗ ಜಾಗ ಐತಿ, ಇರ್ಲಿ.” ಚೀಲದಿಂದ ಹಳೆಯದೊಂದು ಬೆಳ್ಳಿಯ ಕುಂಕುಮದ ಭರಣಿ ತೆಗೆದು ಪತ್ತಾರನ ಮುಂದಿಟ್ಟಳು. “ಹೊಸ ಹಿರೇರನ್ನ ಇದರ ಬೆಳ್ಳ್ಯಾಗ ಮಾಡ್ರಿ.” ಪತ್ತಾರನ ಹತ್ತಿರ ಗಂಡಹೆಂಡತಿ ಜೋಡಿಯಾಗಿ ನಿಂತ ಒಂದೇ ಒಂದು ಅಚ್ಚಿತ್ತು. ತಾಲೂಕಿನ ಎಲ್ಲ ಮನೆಗಳ ಹಿರಿಯರೂ ಅದರಿಂದಲೇ ಹುಟ್ಟಿದವರು.

ಮಾಣಿಕನಗರಕ್ಕೆ ಹೋಗುವ ಆಟೋದಲ್ಲಿ ನಾನು ಒಂದೇ ಒಂದು ಬೇಡಿದೆ. ಇನ್ನು ಮುಂದಾದರೂ ಅದನ್ನು ಹುಣಸೆಹಣ್ಣಿನಿಂದ ಉಜ್ಜಬಾರದು.

“ಪಾವಣ್ಯಾಗ ಜಳಕ ಇಲ್ದ ಕುಂದ್ರಸಲೇನು? ನಿನಗಷ್ಟ್ ಕಾಳಜಿ ಇದ್ರ ನೀನಾ ಬಂದು ತೊಳಿ.”

ಈಗ ಪ್ರತಿ ಅಮಾವಾಸ್ಯೆಗೆ ನಾನು ಬಸವಕಲ್ಯಾಣದ ಬಸ್ಸು ಹತ್ತುತ್ತೇನೆ. ಚೀಲದಲ್ಲಿ ಅರಳೆ, ಪ್ರಯೋಗಾಲಯದ ಶುದ್ಧ ನೀರು. ದೇವರನ್ನು ನಂಬದವನು ಜಗಲಿಯ ಮುಂದೆ ಕಾಲು ಮಡಚಿ ಕುಳಿತು ಹೆಸರು ಗೊತ್ತಿಲ್ಲದ ಅರಸನಿಗೆ ಜಳಕ ಮಾಡಿಸುವುದನ್ನು ನೋಡಲು ಪಕ್ಕದ ಮನೆಯವರೂ ಬರುತ್ತಾರೆ. “ಸಣ್ಣಂವ ಇದ್ದಾಗ ಕೈ ಮುಗೀತಿದ್ದಿಲ್ಲ, ಈಗ ನೋಡ್ರಿ,” ಎಂದು ದೊಡ್ಡವ್ವ ಅವರಿಗೆ ಹೇಳುತ್ತಾಳೆ. ಮುಗಿಯುತ್ತಿದ್ದೆನೋ ಇಲ್ಲವೋ, ನನಗೆ ನೆನಪಿಲ್ಲ.

ಮೊನ್ನೆ ಒರೆಸುವಾಗ ಅಂಚಿನ ಹತ್ತಿರ ಗೀರಿನಂಥದ್ದೊಂದು ಕಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ರೋಮನ್ ಅಕ್ಷರದ ಹಾಗೆಯೇ ಇತ್ತು. ಎರಡು ಕಾಲು, ನಡುವೆ ಅಡ್ಡಗೆರೆ. “ದೊಡ್ಡವ್ವ, ಬಾ ಇಲ್ಲಿ, ಇದನ್ನ ನೋಡು!” ಎಂದು ಕೂಗಿದೆ. ಆಕೆ ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಕುಂಕುಮ ಹತ್ತೇತಿ,” ಎಂದು ಹೆಬ್ಬೆರಳಿನಿಂದ ಒಮ್ಮೆ ಒರೆಸಿದಳು.

ಮತ್ತೆ ಗಾಜು ಹಿಡಿದು ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲವೋ, ಆಕೆ ಒರೆಸಿದ ಮೇಲೆ ಇಲ್ಲವಾಯಿತೋ, ನಾನು ಹೇಳಲಾರೆ.